ರೈಟ್ ಮಾತಿನ ಇಪ್ಪತ್ತಮೂರನೆಯ ಅರ್ಥ

“ಒಂದೇ ಮಾತಿಗೆ ಇಪ್ಪತ್ತೆರಡು ಅರ್ಥ ಇದ್ದರೆ ಅದರಲ್ಲಿ ನಿಜವಾದ ಅರ್ಥ ಯಾವುದು, ಬುದ್ಧೀ?”

ಪಂಚಾಕ್ಷರಿ ಈ ಪ್ರಶ್ನೆ ಕೇಳಿದ್ದು ಬೆಳಗಿನ ಹತ್ತೂವರೆಯ ಹೊತ್ತಿಗೆ, ಮಠದ ಒಳಕೋಣೆಯ ಹೊಸ್ತಿಲ ಮೇಲೆ ಕೂತು. ತೊಡೆಯ ಮೇಲೆ ಉದ್ದನೆಯ ನೋಟುಬುಕ್ಕು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಒಳಗೆ ಚಾಪೆಯ ಮೇಲೆ ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಸುತ್ತಲ ಹಳ್ಳಿಯವರೆಲ್ಲ ಅವರನ್ನು ಬುದ್ಧಿ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಯಾರೂ ಉಳಿದಿರಲಿಲ್ಲ.

“ಯಾವ ಮಾತಪ್ಪ ಅದು, ಅಷ್ಟು ದೊಡ್ಡ ಸಂಸಾರ ಹೂಡಿರುವುದು?”

“ರೈಟ್, ಬುದ್ಧೀ. ಇಂಗ್ಲಿಷಿನ ರೈಟ್.”

ಮಠದ ಶಾಲೆಯ ಮಕ್ಕಳಿಗೆ ಇಂಗ್ಲಿಷು ಅಂದರೆ ಕಬ್ಬಿಣದ ಕಡಲೆ. ಅವರಿಗೆ ತಿಳಿಯುವ ಕನ್ನಡದಲ್ಲಿ ಒಂದು ಪದಕೋಶ ಬರೆದುಕೊಡು ಎಂದು ಗುರುಗಳೇ ಪಂಚಾಕ್ಷರಿಗೆ ಹೇಳಿದ್ದರು. ಅವನು ಎಂ.ಎ. ಮುಗಿಸಿ ಮಠ ಸೇರಿದವನು. ಹಿಡಿದ ಕೆಲಸ ಬಿಡುವ ಜಾಯಮಾನದವನಲ್ಲ, ಹಿಡಿದ ಮಾತನ್ನಂತೂ ಬಿಡುವವನೇ ಅಲ್ಲ. ಎ ಅಕ್ಷರದಿಂದ ಕ್ಯೂವರೆಗೆ ಎಂಟು ತಿಂಗಳಲ್ಲಿ ನೀರು ಕುಡಿದ ಹಾಗೆ ಮುಗಿಸಿದ್ದ. ಆರ್ ಅಕ್ಷರಕ್ಕೆ ಬಂದಾಗ ರೈಟ್ ಎದುರಾಯಿತು. ಅಲ್ಲಿ ಬಂಡಿ ಹೂತುಕೊಂಡಿತು.

“ಓದು, ಕೇಳೋಣ,” ಎಂದರು ಗುರುಗಳು.

ಪಂಚಾಕ್ಷರಿ ಹುರುಪಿನಿಂದ ಓದಿದ. ರೈಟ್ ಅಂದರೆ ಬಲಗಡೆ. ರೈಟ್ ಅಂದರೆ ಸರಿ. ರೈಟ್ ಅಂದರೆ ಹಕ್ಕು. ಆಮೇಲೆ ನ್ಯಾಯ, ಯೋಗ್ಯ, ತಕ್ಕುದು. ಗಣಿತಕ್ಕೆ ಹೋದರೆ ಅದು ಲಂಬಕೋನ, ನೆಟ್ಟಗೆ ನಿಂತದ್ದು. ಒಬ್ಬನನ್ನು ಇನ್ನೊಬ್ಬನ ರೈಟ್ ಹ್ಯಾಂಡ್ ಅಂದರೆ ನಂಬಿಕೆಯ ಬಂಟ; ನಾವೂ ಬಲಗೈ ಬಂಟ ಅನ್ನುತ್ತೇವಲ್ಲ, ಹಾಗೆ. ರೈಲು ರೈಟ್ ಟೈಮಿಗೆ ಬಂತು ಅಂದರೆ ಹೇಳಿದ ಹೊತ್ತಿಗೆ ಬಂತು. ಆಲ್‌ರೈಟ್ ಅಂದರೆ ಆಗಲಿ. ಬಟ್ಟೆಯ ರೈಟ್ ಸೈಡ್ ಅಂದರೆ ಬಲಮಗ್ಗುಲಲ್ಲ, ಹೊರಗೆ ಕಾಣುವ ಮಗ್ಗುಲು. ಮಕ್ಕಳ ಲೆಕ್ಕದ ಪಕ್ಕ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚುವ ಗುರುತೂ ರೈಟೇ. ಹೀಗೆ ಇಪ್ಪತ್ತೆರಡಾಯಿತು. ಓದಿ ಮುಗಿಸಿದಾಗ ಅವನ ಮುಖ ತಾನೇ ಬೆಳೆದ ಬೆಳೆ ತೋರಿಸುವ ರೈತನ ಮುಖದ ಹಾಗಿತ್ತು.

“ಅಲ್ಲಯ್ಯ, ಬಲಗಡೆಗೂ ಸರಿಗೂ ಏನು ನಂಟು?” ಗುರುಗಳು ಕೇಳಿದರು. “ಎಡಗಡೆಯವರು ಏನು ತಪ್ಪು ಮಾಡಿದ್ದರು?”

“ಅದೇ ಸೋಜಿಗ, ಬುದ್ಧೀ. ಅವರಲ್ಲೂ ನಮ್ಮಲ್ಲಿಯ ಹಾಗೆ ಎಡಗೈಯಲ್ಲಿ ಕೊಟ್ಟರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರೋ ಏನೋ.”

ಗುರುಗಳು ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡರು. ಅವರು ಎಡಚರು. ಬೀಜ ಬಿಡಿಸುತ್ತಿದ್ದದ್ದು ಅದೇ ಕೈಯಲ್ಲಿ. ಇನ್ನೊಂದು ಹಣ್ಣು ತೆಗೆದುಕೊಂಡರು.

ಅಷ್ಟರಲ್ಲಿ ಅಡುಗೆಯ ಶಿವನಂಜಮ್ಮ ಬಿಡಿಸಿದ ಹುಣಸೆಹಣ್ಣು ಒಯ್ಯಲು ಬಂದಳು. ಹೊಸ್ತಿಲ ತುಂಬ ಪಂಚಾಕ್ಷರಿ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಹೊಸ್ತಿಲ ಮೇಲೆ ಕೂರಬಾರದು ಅಂತ ಎಂ.ಎ.ನಲ್ಲಿ ಹೇಳಿಕೊಡಲ್ವಾ ಸ್ವಾಮಿ?”

“ಇಲ್ಲಿ ಗಾಳಿ ಚೆನ್ನಾಗಿ ಬರುತ್ತಮ್ಮ,” ಎಂದು ಪಂಚಾಕ್ಷರಿ ನೋಟುಬುಕ್ಕಿನಿಂದ ತಲೆ ಎತ್ತದೆ ಮೊಣಕಾಲು ಒಂದಿಷ್ಟು ಒಳಗೆಳೆದುಕೊಂಡ.

“ಬರುತ್ತೆ, ನಿಮಗೆ ಬರುತ್ತೆ,” ಎನ್ನುತ್ತ ಅವಳು ಸೀರೆಯ ನೆರಿಗೆ ಹಿಡಿದು, ಅವನ ಮೊಣಕಾಲಿನ ಪಕ್ಕದಲ್ಲಿ ಅಡ್ಡಡ್ಡಲಾಗಿ ನುಸುಳಿ ಒಳಗೆ ಹೋಗಿ, ಬುಟ್ಟಿ ತೆಗೆದುಕೊಂಡು ಹಾಗೆಯೇ ನುಸುಳಿ ಹೊರಗೆ ಬಂದಳು. ಹೋಗುವಾಗ “ಓದಿ ಓದಿ ಮರುಳಾದ ಕೂಚಂಭಟ್ಟ” ಅಂತ ಗೊಣಗಿದ್ದು ಇಬ್ಬರಿಗೂ ಕೇಳಿಸಿತು. ಗುರುಗಳು ಕೇಳಿಸದವರ ಹಾಗೆ ಇದ್ದರು.

“ಪಂಚಾಕ್ಷರೀ, ಎಂಟು ತಿಂಗಳಿಂದ ಅರ್ಥ ಬರೆಯುತ್ತಿದ್ದೀಯ. ಇದುವರೆಗೆ ಯಾವ ಮಾತಿಗೂ ನಿಜವಾದ ಅರ್ಥ ಯಾವುದು ಅಂತ ನನ್ನ ಹತ್ತಿರ ಬಂದವನಲ್ಲ. ಇದು ಪದಕೋಶದ ಪ್ರಶ್ನೆಯೋ, ಹಾಲಪ್ಪನ ಪ್ರಶ್ನೆಯೋ?”

ಪಂಚಾಕ್ಷರಿಯ ಕಿವಿ ಬಿಸಿಯಾಯಿತು. ವಿಷಯ ಗುರುಗಳವರೆಗೆ ಬಂದಿದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಹಾಲಪ್ಪ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಮಠಕ್ಕೆ ಬಂದು ಆರು ವರ್ಷದಿಂದ ದಾಸೋಹದ ಪಂಕ್ತಿ ನೋಡಿಕೊಳ್ಳುತ್ತಿದ್ದ. ಇನ್ನೂರು ಮಕ್ಕಳು ಸಾಲಾಗಿ ಕೂರುತ್ತಾರೆ. ಬಡಿಸುವವರು ಬಡಿಸುತ್ತಾರೆ. ಹಾಲಪ್ಪ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ತಟ್ಟೆಯನ್ನೂ ನೋಡುತ್ತ ನಡೆಯುತ್ತಾನೆ. ಕೊನೆಯ ಮಗುವಿನ ತಟ್ಟೆಗೂ ಸಾರು ಬಿದ್ದು, ಕೈತೊಳೆಯಲು ಹೋದವರೂ ಬಂದು ಕೂತ ಮೇಲೆ, ಬಾಗಿಲ ಹತ್ತಿರ ನಿಂತು “ರೈಟ್” ಅನ್ನುತ್ತಾನೆ. ಅಲ್ಲಿಯವರೆಗೆ ಯಾರೂ ಅನ್ನಕ್ಕೆ ಕೈ ಹಾಕುವ ಹಾಗಿಲ್ಲ. ಪಂಕ್ತಿಯ ತುದಿಯಲ್ಲಿ ಕೂತ ಗುರುಗಳೂ ಆ ಮಾತಿಗೆ ಕಾಯುತ್ತಿದ್ದರು.

ಮೊನ್ನೆ ಮಧ್ಯಾಹ್ನ ಪಂಚಾಕ್ಷರಿ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ರೈಟ್ ಮಾತಿನ ಅರ್ಥಗಳನ್ನು ಓದಿ ಹೇಳುತ್ತಿದ್ದ. ಹಾಲಪ್ಪ ಹೆಗಲ ವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕಂಬದ ಪಕ್ಕ ನಿಂತ. ಎಲ್ಲ ಕೇಳಿ ಆದ ಮೇಲೆ, “ಸ್ವಾಮಿ, ನಂದೂ ಒಂದು ಅರ್ಥ ಐತೆ, ಬರ್ಕೊಳ್ಳಿ,” ಅಂದ.

“ಹೇಳಿ ಹಾಲಪ್ಪನವರೇ.”

“ರೈಟ್ ಅಂದ್ರೆ, ಎಲ್ಲಾರೂ ಹತ್ತವ್ರೆ, ಬಾಗಿಲಲ್ಲಿ ಯಾರೂ ಇಲ್ಲ, ಇನ್ನು ಹೊರಡಬೋದು ಅಂತ.”

ಪಂಚಾಕ್ಷರಿ ನಕ್ಕುಬಿಟ್ಟ. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಓದಿದವರಿಗೆ ಬರುವ ಒಂದು ನಗೆ ಇರುತ್ತದಲ್ಲ, ಅದು. “ಅಂಥ ಅರ್ಥ ಯಾವ ನಿಘಂಟಿನಲ್ಲೂ ಇಲ್ಲ. ಮೂವತ್ತೊಂದು ವರ್ಷ ನೀವು ತಪ್ಪು ಕೂಗಿದ್ದೀರಿ,” ಅಂದ. ಮಕ್ಕಳು ಹೋ ಎಂದು ನಕ್ಕರು. ಹಾಲಪ್ಪನೂ ಅವರ ಜೊತೆ ಒಂದಿಷ್ಟು ನಕ್ಕು ಒಳಗೆ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನೆ ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿ ಆಯಿತು, ರೈಟ್ ಕೇಳಲಿಲ್ಲ. ಹಾಲಪ್ಪ ಬಾಗಿಲ ಹತ್ತಿರ ಕೈಕಟ್ಟಿಕೊಂಡು ನಿಂತಿದ್ದ, ಬಾಯಿ ತೆರೆಯಲಿಲ್ಲ. ಮಕ್ಕಳು ಅವನ ಮುಖ ನೋಡಿದರು. ಗುರುಗಳೂ ನೋಡಿದರು. ಅನ್ನದ ಹಬೆ ಆರಿತು, ಸಾರಿನ ಮೇಲೆ ಕೆನೆ ಕಟ್ಟಿತು. ಕೊನೆಗೆ ಶಿವನಂಜಮ್ಮನೇ ಸೌಟಿನಿಂದ ಕೊಳಗ ಬಡಿದು “ತಿನ್ರಪ್ಪಾ” ಅಂದಳು. ಅವತ್ತು ಮಕ್ಕಳು ಎರಡನೆಯ ಸಲ ಅನ್ನ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಶಿವನಂಜಮ್ಮ ತಂದ ಸುದ್ದಿ, ಹಾಲಪ್ಪ ಬಟ್ಟೆಗಂಟು ಕಟ್ಟಿದ್ದಾನೆ, ಹನ್ನೊಂದು ಗಂಟೆಯ ಬಸ್ಸಿಗೆ ತಂಗಿಯ ಊರಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ.

“ನನಗೆ ಸಂಕಟ ಆಗುತ್ತಿದೆ, ಬುದ್ಧೀ,” ಎಂದ ಪಂಚಾಕ್ಷರಿ. ಅದು ನಿಜವಾಗಿತ್ತು. “ಆದರೆ ನಾಲ್ಕು ನಿಘಂಟು ತೆಗೆದು ನೋಡಿದೆ. ಅವರು ಹೇಳಿದ ಅರ್ಥ ಎಲ್ಲೂ ಇಲ್ಲ. ಇಲ್ಲದ್ದನ್ನು ಇದೆ ಅಂತ ಬರೆಯಲೇ? ನಾನು ಹೇಳಿದ್ದು ಸರಿ. ಸರಿಯಾದವನು ಹೋಗಿ ತಪ್ಪಾಯಿತು ಅನ್ನುವುದು ಹೇಗೆ?”

ಗುರುಗಳು ತಲೆ ಎತ್ತಿದರು. ಪಂಚಾಕ್ಷರಿಯ ಹೆಗಲ ಮೇಲಿಂದ ಹೊರಗಿನ ಬೆಳಕನ್ನು ನೋಡಿ, ಹುಣಸೆಹಣ್ಣು ಅಂಟಿದ ಎಡಗೈಯನ್ನು ಎತ್ತಿದರು.

“ಇರು. ಒಂದು ಕತೆ ಹೇಳುತ್ತೇನೆ. ಅದು ಮುಗಿಯುವವರೆಗೆ ಅಲ್ಲೇ ಇರು,” ಎಂದರು.

ಪಂಚಾಕ್ಷರಿ ಏಳಲು ಹೊರಟೇ ಇರಲಿಲ್ಲ. ಹಾಗೇಕೆ ಹೇಳಿದರೋ ಎಂದುಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತ.

ಗುರುಗಳು ಹೇಳಿದರು.

ಒಂದು ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಇದ್ದ, ಒಬ್ಬ ಡ್ರೈವರ್ ಇದ್ದ. ಕಂಡಕ್ಟರ್ ರೈಟ್ ಅಂದರೆ ಡ್ರೈವರ್ ಬಿಡುತ್ತಿದ್ದ, ಹೋಲ್ಡಾನ್ ಅಂದರೆ ನಿಲ್ಲಿಸುತ್ತಿದ್ದ. ಹತ್ತು ವರ್ಷದಿಂದ ಹಾಗೇ ನಡೆದಿತ್ತು. ಡ್ರೈವರಿನ ಕಿವಿಯಿಂದ ಕಾಲಿಗೆ ನೇರ ದಾರಿ ಬಿದ್ದಿತ್ತು, ನಡುವೆ ತಲೆಯ ಹಂಗು ಇರಲಿಲ್ಲ.

“ಸೀಟಿ ಇರುವುದಿಲ್ಲವೇ ಬುದ್ಧೀ, ಕಂಡಕ್ಟರಿಗೆ?”

“ಇತ್ತು. ಅವತ್ತು ಮನೆಯಲ್ಲಿ ಮರೆತು ಬಂದಿದ್ದ. ನನ್ನ ಕತೆಯ ಬಸ್ಸಿಗೆ ನೀನು ಡಿಪೋ ಮ್ಯಾನೇಜರ್ ಆಗಬೇಡ.”

ಒಂದು ದಿನ ಮಧ್ಯಾಹ್ನ ಬಸ್ಸು ಒಂದು ಊರಿನ ಮುಂದೆ ನಿಂತಿತು. ಒಬ್ಬ ಮುದುಕಿ ಸೌತೆಕಾಯಿಯ ಬುಟ್ಟಿ ಹೊತ್ತು ಬಂದಳು. ಬುಟ್ಟಿಯನ್ನು ಮೊದಲು ಮೇಲಿಟ್ಟಳು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಳು, ಇನ್ನೊಂದು ಕಾಲು ಇನ್ನೂ ನೆಲದ ಮೇಲಿತ್ತು. ಅದೇ ಹೊತ್ತಿಗೆ ಮುಂದಿನ ಸೀಟಿನಲ್ಲಿದ್ದ ಒಬ್ಬ ಮೇಷ್ಟ್ರು ಕಂಡಕ್ಟರನ್ನು ಕೇಳಿದ, “ಮುಂದಿನ ಕವಲಲ್ಲಿ ಬಸ್ಸು ಲೆಫ್ಟಿಗೋ ರೈಟಿಗೋ?”

“ರೈಟ್,” ಅಂದ ಕಂಡಕ್ಟರ್.

ಡ್ರೈವರ್ ಬಿಟ್ಟ. ಮುದುಕಿ ಬಿದ್ದಳು.

ಪಂಚಾಕ್ಷರಿ ಪೆನ್ಸಿಲನ್ನು ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಕತೆ ಹತ್ತಿತ್ತು. ಒಂದು ಮಾತು ಒಂದು ಬಾಯಿಂದ ಹೊರಟು ಇಬ್ಬರ ಕಿವಿಯಲ್ಲಿ ಎರಡಾಯಿತಲ್ಲ ಎಂದು ಬೆರಗಾಯಿತು.

ಬಸ್ಸು ಹತ್ತು ಮಾರು ಹೋಗಿ ನಿಂತಿತು. ಜನ ಇಳಿದು ಓಡಿ ಬಂದರು. ಮುದುಕಿ ರಸ್ತೆಯ ಮೇಲೆ ಅಂಗಾತ ಬಿದ್ದಿದ್ದಳು. ಸೌತೆಕಾಯಿ ನಾಲ್ಕು ದಿಕ್ಕಿಗೆ ಉರುಳಿದ್ದವು. ಅವಳ ಕೈಕಾಲು ಮುರಿದಿರಲಿಲ್ಲ. ಎದೆಗೆ ಪೆಟ್ಟು ಬಿದ್ದು ಉಸಿರು ಸಿಗುತ್ತಿರಲಿಲ್ಲ, ಅಷ್ಟೆ. ಒಂದಿಷ್ಟು ಹೊತ್ತು ಗಾಳಿ ಆಡಿದರೆ ಎದ್ದು ಕೂರುವವಳು.

ಆದರೆ ಅಲ್ಲಿ ಬೇರೊಂದು ವಿಚಾರ ಶುರುವಾಗಿತ್ತು. ತಪ್ಪು ಯಾರದು?

ಮೇಷ್ಟ್ರು ಹೇಳಿದ, “ಪ್ರಯಾಣಿಕನಾದವನು ದಾರಿ ಕೇಳುತ್ತಾನೆ. ಕೇಳಬಾರದು ಅಂತ ಕಾನೂನಿದೆಯೇ? ನಾನು ಸರಿ.”

ಕಂಡಕ್ಟರ್ ಹೇಳಿದ, “ಕವಲಲ್ಲಿ ಬಸ್ಸು ಬಲಕ್ಕೆ ತಾನೇ ಹೋಗೋದು? ಎಡಕ್ಕೆ ಹೋಗುತ್ತೆ ಅಂತ ಸುಳ್ಳು ಹೇಳಬೇಕಿತ್ತೇ? ನಾನು ಸರಿ.”

ಡ್ರೈವರ್ ಹೇಳಿದ, “ರೈಟ್ ಅಂತ ಕೇಳಿಸಿತು, ಬಿಟ್ಟೆ. ರೈಟ್ ಅಂದ ಮೇಲೂ ನಿಲ್ಲಿಸಿಕೊಂಡಿದ್ದರೆ ಅದು ತಪ್ಪು. ನಾನು ಸರಿ.”

ಮೂವರೂ ಹೇಳಿದ್ದು ನಿಜವೇ. ಅದಕ್ಕೇ ಜಗಳ ಬಗೆಹರಿಯಲಿಲ್ಲ. ಒಬ್ಬನಾದರೂ ಸುಳ್ಳು ಹೇಳಿದ್ದರೆ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಜನ ಮೂರು ಪಾಲಾದರು. ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರೂ ಲೋಟ ಹಿಡಿದುಕೊಂಡೇ ಬಂದರು. ಮುದುಕಿಯನ್ನು ನಡುವೆ ಬಿಟ್ಟು ಸುತ್ತ ನಿಂತರು, ಅವರ ಹಿಂದೆ ಇನ್ನೊಂದು ಸುತ್ತು ನಿಂತಿತು. ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು ಬಸ್ಸಿನ ಮಗ್ಗುಲಿನ ಮೇಲೆ ರೈಟ್ ಮಾತಿನ ಅರ್ಥಗಳನ್ನು ಬರೆದು ವಿವರಿಸಿದ.

“ಎಷ್ಟು ಅರ್ಥ ಬರೆದ, ಬುದ್ಧೀ?” ಪಂಚಾಕ್ಷರಿ ತಡೆಯಲಾರದೆ ಕೇಳಿದ.

“ನಿನಗಿಂತ ಎರಡು ಕಡಿಮೆ.”

ಪಂಚಾಕ್ಷರಿಗೆ ಒಳಗೊಳಗೇ ಸಮಾಧಾನವಾಯಿತು. ಆಮೇಲೆ ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಗುರುಗಳು ಮುಂದುವರಿಸಿದರು. ಆಗ ಮುದುಕಿ ತುಟಿ ಅಲುಗಿಸಿದಳು. “ಸರಿ,” ಅಂದಳು.

ಎಲ್ಲರೂ ಸುಮ್ಮನಾದರು. ಬಿದ್ದವಳ ಬಾಯಿಂದಲೇ ತೀರ್ಪು ಬಂದಿದೆ, ಇನ್ನೇನು ಬೇಕು? “ಕೇಳಿದಿರಾ? ನನ್ನನ್ನೇ ಸರಿ ಅಂದಳು,” ಎಂದು ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದ. “ನನ್ನ ಮುಖ ನೋಡಿ ಅಂದಳು,” ಎಂದು ಕಂಡಕ್ಟರ್ ಎರಡು ಹೆಜ್ಜೆ ಬಂದ. ಡ್ರೈವರ್ ಅವಳ ತಲೆಯ ಹತ್ತಿರವೇ ಕುಕ್ಕರಗಾಲಿನಲ್ಲಿ ಕೂತ.

ಮುದುಕಿ ಮತ್ತೆ, “ಸರಿ,” ಅಂದಳು. ಈ ಸಲ ದನಿ ಸಣ್ಣಗಿತ್ತು. ಸರಿಯಾಗಿ ಕೇಳಲಿ ಅಂತ ಎಲ್ಲರೂ ಇನ್ನಷ್ಟು ಬಗ್ಗಿದರು. ತಲೆಗೆ ತಲೆ ತಾಗಿತು. ಅವಳ ಮುಖದ ಮೇಲೆ ಬಿಸಿಲಿಲ್ಲ, ಬೆಳಕೂ ಇಲ್ಲ. ಅವಳು ಅಂದಷ್ಟೂ ಅವರು ಹತ್ತಿರ ಬಂದರು. ಅವರು ಹತ್ತಿರ ಬಂದಷ್ಟೂ ಅವಳ ದನಿ ಇಳಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿ, ಕೈಗೆ ಅಂಟಿದ ನಾರನ್ನು ಬಿಡಿಸಿಕೊಳ್ಳತೊಡಗಿದರು.

“ಆಮೇಲೆ?” ಎಂದ ಪಂಚಾಕ್ಷರಿ.

“ಆಮೇಲೆ ಇಲ್ಲ. ಅವಳು ಹೇಳಿದ್ದು ಯಾರಿಗೆ ತಿಳಿಯುತ್ತದೋ ಅವನ ಕೈಯಲ್ಲಿದೆ ಅವಳ ಜೀವ. ನೀನೇ ಹೇಳು. ಬೇಗ ಹೇಳು, ಅವಳಿಗೆ ಹೆಚ್ಚು ಹೊತ್ತಿಲ್ಲ.”

ಪಂಚಾಕ್ಷರಿ ಯೋಚಿಸಿದ. ಕತೆಯ ಮುದುಕಿಯೇ ಆದರೂ ಅವಸರದಿಂದ ಒಬ್ಬೊಬ್ಬರನ್ನೇ ತೂಗಿ ನೋಡಿದ. ಮೇಷ್ಟ್ರು ಸರಿಯಿರಲಾರ, ಹತ್ತುವವರು ಹತ್ತಿ ಆಗಲಿ ಅಂತ ಅವನು ಕಾಯಬಹುದಿತ್ತು. ಕಂಡಕ್ಟರ್ ಹೇಳಿದ್ದು ನಿಜ, ಹೇಳಿದ ಹೊತ್ತು ನಿಜವಲ್ಲ. ಡ್ರೈವರ್ ಕನ್ನಡಿ ನೋಡಲಿಲ್ಲ.

“ಗೊತ್ತಾಯಿತು,” ಎಂದ. “ಮೂವರಲ್ಲಿ ಯಾರನ್ನೂ ಅಲ್ಲ. ಸರಿ ಅಂದರೆ ಆಯಿತು ಬಿಡಿ ಅನ್ನುವ ಅರ್ಥವೂ ಇದೆಯಲ್ಲ, ಹಾಗಂದಳು. ಎಲ್ಲರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಂಡಳು. ದೊಡ್ಡ ಮನಸ್ಸಿನವಳು.”

“ಉಸಿರೇ ಇಲ್ಲದವಳಿಗೆ ಔದಾರ್ಯ ಎಲ್ಲಿಂದ ತರುತ್ತೀಯಪ್ಪ? ಆ ಅರ್ಥಕ್ಕೆ ಅವಳು ಬದುಕುವುದಿಲ್ಲ,” ಎಂದರು ಗುರುಗಳು. “ರೈಟಿಗೆ ಇಪ್ಪತ್ತೆರಡು ಅರ್ಥ ಹುಡುಕಿದೆ. ಸರಿಗೆ ಎಷ್ಟು ಹುಡುಕಿದೆ?”

“ಸರಿಗೆ ಹುಡುಕುವುದೇನಿದೆ, ಬುದ್ಧೀ? ಸರಿ ಅಂದರೆ ಸರಿ. ಅದು ಹಾಲು ಕುಡಿಯುವ ಮಗುವಿಗೂ ಗೊತ್ತು.”

“ಹೌದು, ಮಗುವಿಗೆ ಗೊತ್ತು,” ಎಂದರು ಗುರುಗಳು.

ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಹನ್ನೊಂದು ಗಂಟೆಯ ಬಸ್ಸು. ಅದು ಏರು ಹತ್ತುವ ಸದ್ದು, ಆಮೇಲೆ ಮಠದ ಕಮಾನಿನ ಮುಂದೆ ನಿಂತ ಸದ್ದು. ಪಂಚಾಕ್ಷರಿ ಮುದುಕಿಯನ್ನು ಮರೆತ. ಹಾಲಪ್ಪ ಈಗ ಬಟ್ಟೆಗಂಟು ಹಿಡಿದು ಕಮಾನಿನ ಕೆಳಗೆ ನಿಂತಿರುತ್ತಾನೆ. ಬೆಳಿಗ್ಗೆಯೇ ಗುರುಗಳ ಪಾದಕ್ಕೆ ಬಿದ್ದು ಹೇಳಿ ಹೋಗಿರಬೇಕು. ಆ ಪಾದಕ್ಕೆ ಬೀಳದೆ ಮಠ ಬಿಡುವವನಲ್ಲ ಅವನು. ಈಗ ಎದ್ದು ಓಡಿದರೆ ಸಿಗುತ್ತಾನೆ. ಮೂವತ್ತಾರು ಮೆಟ್ಟಿಲು, ಅಷ್ಟೆ. ಏಳು, ಎಂದು ಅವನ ಮನಸ್ಸು ಅಂದಿತು. ಓಡಿಹೋಗಿ ಏನು ಹೇಳುತ್ತೀಯ, ನೀನು ಸರಿಯಲ್ಲವೇ, ಎಂದು ಅದೇ ಮನಸ್ಸು ಕೇಳಿತು. ಅವನು ಕೂತಲ್ಲೇ ಕೂತ.

ಕೆಳಗೆ ಬಸ್ಸಿನ ಕಂಡಕ್ಟರ್ ಕೂಗಿದ, “ರೈಟ್.”

ಬಸ್ಸು ಹೊರಟಿತು. ಏರಿನಾಚೆ ಇಳಿದು ಅದರ ಸದ್ದು ತೆಳ್ಳಗಾಯಿತು, ಆಮೇಲೆ ಕೇಳಿಸಲಿಲ್ಲ. ಆ ಕೂಗು ಕೇಳಿದಾಗ ಪಂಚಾಕ್ಷರಿಗೆ ಬಲಗಡೆ ಅನ್ನಿಸಲಿಲ್ಲ, ಹಕ್ಕು ಅನ್ನಿಸಲಿಲ್ಲ, ನ್ಯಾಯ ಅನ್ನಿಸಲಿಲ್ಲ. ಬರೆದಿಟ್ಟ ಇಪ್ಪತ್ತೆರಡರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಎಲ್ಲರೂ ಹತ್ತಿದರು, ಬಾಗಿಲಲ್ಲಿ ಯಾರೂ ಇಲ್ಲ, ಹೊರಟಿತು ಅಂತಲೇ ಅನ್ನಿಸಿತು. ಹಾಲಪ್ಪ ಮೊನ್ನೆ ಕಂಬದ ಪಕ್ಕ ನಿಂತು ಹೇಳಿದ್ದು ಅದನ್ನೇ, ಅಕ್ಷರ ಬಿಡದೆ ಅದನ್ನೇ.

ಅವನು ನೋಟುಬುಕ್ಕು ತೆರೆದ. ಇಪ್ಪತ್ತೆರಡರ ಕೆಳಗೆ ಇಪ್ಪತ್ತಮೂರು ಅಂತ ಅಂಕಿ ಹಾಕಿದ. ಮುಂದೆ ಬರೆಯಲು ಪೆನ್ಸಿಲು ಓಡಲಿಲ್ಲ. ಇನ್ನು ಒಂದು ಗಂಟೆಗೆ ಊಟದ ಪಂಕ್ತಿ ಕೂರುತ್ತದೆ. ಇನ್ನೂರು ಮಕ್ಕಳು ತಟ್ಟೆಯ ಮುಂದೆ ಕೈಕಟ್ಟಿಕೊಂಡು ಬಾಗಿಲ ಕಡೆ ನೋಡುತ್ತಾರೆ. ಅಲ್ಲಿ ಯಾರು ನಿಂತಿರುತ್ತಾರೆ?

“ಹೋದರು, ಬುದ್ಧೀ,” ಎಂದ. “ನಿಘಂಟಿನಲ್ಲಿ ಇಲ್ಲ ಅಂದೆ, ಅದು ನಿಜ ತಾನೇ? ಅವರು ಹೋದದ್ದು ಹೋದರು. ಇದೊಂದು ಹೇಳಿಬಿಡಿ. ನಾನು ಹೇಳಿದ್ದು ಸರಿಯೋ, ಅಲ್ಲವೋ?”

“ನೀನು ಸರಿಯಪ್ಪ,” ಎಂದರು ಗುರುಗಳು.

ಎರಡು ದಿನದಿಂದ ಪಂಚಾಕ್ಷರಿ ಕೇಳಲು ಹಂಬಲಿಸಿದ್ದ ಮಾತು ಅದು. ಕೇಳಿದ ಮೇಲೆ ಅದರಿಂದ ಏನು ಮಾಡುವುದು ಅಂತ ಅವನಿಗೆ ತೋಚಲಿಲ್ಲ. ನೋಟುಬುಕ್ಕು ಮುಚ್ಚಿ, ತಲೆ ತಗ್ಗಿಸಿ, ಬಾಗಿಲ ತುಂಬ ಹಾಗೆಯೇ ಕೂತ.

ಗುರುಗಳು ಅವನ ತಲೆಯ ಮೇಲಿಂದ ಹೊರಗೆ ನೋಡಿದರು.

“ಹಾಲಪ್ಪ ನನ್ನ ಪಾದಕ್ಕೆ ಬೀಳಲು ಗಂಟು ಹಿಡಿದು ಆಗಿನಿಂದ ನಿನ್ನ ಬೆನ್ನ ಹಿಂದೆಯೇ ನಿಂತಿದ್ದಾನೆ, ಅವನು ಒಳಗೆ ಬರಲಿ, ಒಂದಿಷ್ಟು ಆಚೆ ಸರಿ.”